ಹಾಲಿಸನ ಹೆಸರು ಅಳಿಸಿದ ದಿನ

ಅಪ್ಪಾ, ನೀನು ಹೋಗಿ ಆರು ವರ್ಷವಾದರೂ ಫೋನಿನಲ್ಲಿ ಮಾತು ರೆಕಾರ್ಡ್ ಮಾಡುತ್ತಾ ನಿನ್ನ ಜೊತೆ ಹರಟುವ ಚಟ ಬಿಟ್ಟಿಲ್ಲ. ಇವತ್ತಿನದು ಕೇಳು.

ನಮ್ಮ ಜಾರ್ಜಿಯಾ ರಾಜ್ಯದಲ್ಲಿ ಯಾವ ಮತದಾರ ಬೇಕಾದರೂ ತನ್ನ ಕೌಂಟಿಯ ಮತಪಟ್ಟಿಯಲ್ಲಿರುವ ಇನ್ನೊಬ್ಬನ ಹೆಸರಿಗೆ ತಕರಾರು ಹಾಕಬಹುದಲ್ಲ, ಆ ಬಿಳಿಯ ಹಾಲಿಸ್ ಟ್ರೆಂಟ್ ನೂರ ಹನ್ನೆರಡು ಜನರ ಮೇಲೆ ಹಾಕಿದ್ದ. ಎಲ್ಲರೂ ರೈಲುಹಳಿಯ ಈಚೆಯ ನಮ್ಮ ಕಪ್ಪು ಜನ. ಅವರಲ್ಲಿ ಅಮ್ಮನೂ ಇದ್ದಳು. ಅವಳ ಕಾಗದಗಳು ಚರ್ಚಿನ ವಿಳಾಸಕ್ಕೆ ಬರುತ್ತವೆ, ಹಾಗಾಗಿ ಅವಳು ಇಲ್ಲಿ ವಾಸವೇ ಇಲ್ಲವಂತೆ!

ಚುನಾವಣಾ ಮಂಡಳಿಯ ವಿಚಾರಣೆಯಲ್ಲಿ ಅಮ್ಮ ಕರೆಂಟ್ ಬಿಲ್ಲು ತೋರಿಸಿದಳು. "ಮಗಾ ಹಾಲಿಸ್, ನಿನ್ ಮದ್ವೆ ಕೋಟಿನ ತೋಳು ಗಿಡ್ಡ ಮಾಡಿಸ್ಕೊಳ್ಳೋಕೆ ಅದೇ ಮನೆಗೆ ನನ್ ಹತ್ರ ಬಂದಿದ್ಯಲ್ಲೋ!" ಅಂದಳು. ಅವಳ ಹೆಸರು ಉಳಿಯಿತು. ಅಲ್ಲಿಗೇ ಮುಗಿಸಬಹುದಿತ್ತು.

ನಾನು ಎದ್ದು ನನ್ನ ತಕರಾರು ಕೊಟ್ಟೆ. ಹಾಲಿಸ್ ಮತಪಟ್ಟಿಗೆ ಕೊಟ್ಟಿರುವುದು ಅಂಗಡಿಯ ವಿಳಾಸ, ವಾಸ ಪಕ್ಕದ ಕೌಂಟಿಯ ಕೆರೆದಂಡೆಯ ಮನೆಯಲ್ಲಿ.

"ಕೆಲ್ವಿನ್, ಒಟ್ಟಿಗೆ ಬೇಸ್‌ಬಾಲ್ ಆಡ್ದೋರು ಕಣೋ ನಾವು," ಅಂದ.

"ಹೌದಪ್ಪ, ಅದಕ್ಕೇ ನಿನ್ ಮನೆ ಎಲ್ಲಿದೆ ಅಂತ ನಂಗೆ ಗೊತ್ತು," ಅಂದೆ.

ಅವನ ಹೆಸರು ಹೋಯಿತು. ಅವನ ಕಿವಿ ಕೆಂಪಾಗುವುದನ್ನು ನಗುತ್ತಾ ಕಣ್ತುಂಬ ನೋಡಿದೆ.

ಕಾರಿನಲ್ಲಿ ಅಮ್ಮ ಕೇಳಿದಳು: "ಒಬ್ರ ಓಟು ಹೋದಾಗ ನಗೋದನ್ನ ಯಾರ ಹತ್ರ ಕಲ್ತೆ?"

ಅರವತ್ಮೂರನೇ ಇಸವಿಯಲ್ಲಿ, ಅಪ್ಪಾ, ಮತಪಟ್ಟಿಗೆ ಸೇರಲು ನೀನು ಕೊಟ್ಟ ಅರ್ಜಿಯನ್ನು ಮೂರು ಸಲ ಹರಿದವನು ಇವನ ಅಜ್ಜನೇ ಎಂದೆ. ಅವಳು ಕಿಟಕಿಯತ್ತ ತಿರುಗಿದಳು.

ನೀನಿದ್ದಿದ್ದರೆ ನನ್ನನ್ನು ತಡೆಯುತ್ತಿದ್ದೆ. ಅದಕ್ಕೇ ಮುಗಿದ ಮೇಲೆ ಹೇಳುತ್ತಿದ್ದೇನೆ. ಹಾಲಿಸನ ತಮ್ಮನ ವಿಳಾಸವನ್ನೂ ಹುಡುಕಿಟ್ಟಿದ್ದೇನೆ, ಅಪ್ಪಾ.