ಎದೆದೀಪ ಹಸಿರಾಗಿಯೇ ಇತ್ತು

ಬೀದರ್, ಏಪ್ರಿಲ್ ಅರವತ್ತೊಂದು, ೨೨೩೧

ನಮಗಿಂತ ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ,

ತಾರೀಖು ತಪ್ಪೆಂದುಕೊಳ್ಳಬೇಡಿ. ಬಿಸಿಲಿನ ಝಳ ಇಳಿಯುವ ತನಕ ನಾವು ಏಪ್ರಿಲ್ ಮುಗಿಸುವುದಿಲ್ಲ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನಾವಿರುವುದು ನೆಲಮನೆಗಳಲ್ಲಿ, ಕೆಂಪು ಜಂಬಿಟ್ಟಿಗೆ ಕಲ್ಲಿನ ನೆಲವನ್ನು ಕೊರೆದು ಮಾಡಿದ ಕೋಣೆಗಳಲ್ಲಿ. ನಸುಕಿನಲ್ಲಿ ಮೇಲೆ ಹೋಗಿ ಜೋಳದ ಹೊಲ ನೋಡಿಕೊಂಡು ಎಂಟರೊಳಗೆ ಇಳಿದುಬಿಡುತ್ತೇವೆ. ಎಲ್ಲರ ಕೊರಳಲ್ಲೂ ಎದೆದೀಪವಿರುತ್ತದೆ. ನಾಡಿ, ಉಸಿರು ನೋಡಿ ಅದು ಮನಸ್ಸಿನ ಸ್ಥಿತಿ ಹೇಳುತ್ತದೆ: ನೆಮ್ಮದಿಗೆ ಹಸಿರು, ಸಂಕಟಕ್ಕೆ ಕೆಂಪು. ಕೆಂಪಾದವರ ಪಕ್ಕ ಯಾರಾದರೂ ಹೋಗಿ ಕೂರಬೇಕೆಂಬುದು ಇಲ್ಲಿನ ಕಟ್ಟಳೆ. ಹಸಿರಿದ್ದವರನ್ನು ಯಾರೂ ಏನೂ ಕೇಳುವುದಿಲ್ಲ.

ನನ್ನ ಗಂಡನ ತಂಗಿ ಜಗದೇವಿ ನಲವತ್ತು ಮನೆಗಳಿಗೆ ನೀರು ಬಿಡುವವಳು. ಒಂದು ನಲ್ಲಿ ಮರೆತರೂ ಒಂದು ಮನೆಗೆ ಅಂದು ನೀರಿಲ್ಲ. ಈ ಬೇಸಿಗೆಯಲ್ಲಿ ಅವಳು ಪಲ್ಯಕ್ಕೆ ಎರಡು ಸಲ ಉಪ್ಪು ಹಾಕತೊಡಗಿದಳು. ಮಡಚಿಟ್ಟ ಚಾದರವನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

"ಯಾಕ ಜಗದೇವಿ, ಸೊರಗೀದಿ?" ಎಂದು ಒಂದು ದಿನ ಕೇಳಿದೆ.

ಅವಳು ದೀಪ ಎತ್ತಿ ತೋರಿಸಿದಳು. "ಹಸಿರದ ನೋಡ್ರಿ ವೈನಿ. ನಂಗೇನಾಗ್ತದ?"

ನನಗೂ ರೊಟ್ಟಿ ಬಡಿಯುವ ಗಡಿಬಿಡಿಯಿತ್ತು. ನಿರಾಳವಾಗಿ ಎದ್ದು ಹೋದೆ.

ಮೂರನೇ ದಿನ ಮಧ್ಯಾಹ್ನ ಮೇಲ್ಬಾಗಿಲು ತೆರೆದ ಸದ್ದಾಯಿತು. ಆ ಹೊತ್ತಿನಲ್ಲಿ ಹೊರಗೆ ಕಾಲು ಗಂಟೆ ನಿಂತರೆ ಜೀವ ಉಳಿಯುವುದಿಲ್ಲ. ಒದ್ದೆ ಕಂಬಳಿ ಹೊದ್ದು ನಾನೂ ನನ್ನ ಗಂಡ ಬಸವಂತನೂ ಓಡಿದೆವು. ಜಗದೇವಿ ಬರಿಗಾಲಲ್ಲಿ ಹೊಲದ ಬದುವಿನ ಮೇಲೆ ಸುಮ್ಮನೆ ಕೂತಿದ್ದಳು. ಪಾದಗಳಲ್ಲಿ ಬೊಬ್ಬೆ ಎದ್ದಿದ್ದವು. ದೀಪ ಆಗಲೂ ಹಸಿರಾಗಿಯೇ ಇತ್ತು. ಅದನ್ನು ನೋಡಿದಾಗ ಆದ ಭಯ ನನ್ನನ್ನು ಇನ್ನೂ ಬಿಟ್ಟಿಲ್ಲ.

ಅವಳು ಬದುಕಿದಳು. ವಾರದ ಮೇಲೆ ಹೇಳಿದಳು: "ಉಸಿರು ಬಿಗಿಹಿಡ್ದು ಮೆಲ್ಲಗ ಬಿಟ್ಟರ ಹಸಿರಾಗ್ತದ ವೈನಿ. ಎಲ್ಲರೂ ಹಂಗೇ ಮಾಡ್ತಾರ. ನೀವು ಒಮ್ಮಿ ಕೇಳಿದ್ರಿ. ಇನ್ನೊಮ್ಮಿ ಕೇಳಿದ್ರ ಹೇಳ್ತಿದ್ದೆ."

ಈಗ ನಲ್ಲಿಗಳನ್ನು ಇಬ್ಬರು ಹಂಚಿಕೊಂಡಿದ್ದಾರೆ. ಮಧ್ಯಾಹ್ನ ನಾನು ಅವಳ ಜೊತೆ ಕೂರುತ್ತೇನೆ. ಎರಡನೇ ಸಲ, ಮೂರನೇ ಸಲ ಕೇಳುತ್ತೇನೆ. ಕೆಲವು ದಿನ ಹೇಳುತ್ತಾಳೆ, ಕೆಲವು ದಿನ ಅಳುತ್ತಾಳೆ.

ಆದರೆ ಅಂದಿನಿಂದ ಊಟಕ್ಕೆ ಕೂತವರೆಲ್ಲರ ಕೊರಳು ನೋಡಿ ಅಂಜುತ್ತೇನೆ. ಸಾಲಾಗಿ ಹಸಿರು. ಯಾರದು ನಿಜವೋ ತಿಳಿಯದು. ನಿಮ್ಮ ಕಾಲದಲ್ಲೂ ಮಣಿಕಟ್ಟಿಗೆ ಇಂಥದೇನೋ ಕಟ್ಟಿಕೊಳ್ಳಲು ಶುರುಮಾಡಿದ್ದರಂತೆ. ಕಟ್ಟಿಕೊಳ್ಳಿ, ಆದರೆ ಅದನ್ನು ನೋಡಿ ಎದ್ದು ಹೋಗಬೇಡಿ. ಮುಖ ನೋಡಿ. ಇನ್ನೊಮ್ಮೆ ಕೇಳಿ.

ಒಂದು ಮಾತು ಉಳಿದಿದೆ. ನಾನು ನಿದ್ದೆ ಮಾಡಿ ನಾಲ್ಕು ದಿನವಾಯಿತು. ನಿನ್ನೆ ಬಸವಂತ ನನ್ನ ದೀಪ ನೋಡಿ, "ಛಲೋ ಇದ್ದೀ" ಎಂದು ಹೊರಟ. ನಾನು ಉಸಿರು ಬಿಗಿಹಿಡಿದಿದ್ದೆ. ಅವನು ಪಕ್ಕದ ಕೋಣೆಯಲ್ಲೇ ಇದ್ದಾನೆ. ಹೋಗಿ ಹೇಳಬೇಕು. ಇಲ್ಲಿಗೆ ನಿಲ್ಲಿಸಿ ಏಳುತ್ತೇನೆ.

ನೀಲಗಂಗಾ