ಅಜ್ಜಿ ಬೈದಷ್ಟು ಹೊತ್ತು

ವಿಕ್, ಮಂಗಳವಾರ

ಮೋರಾಗ್ ಅಕ್ಕನ ಸನ್ನಿಧಾನಕ್ಕೆ, ತಮ್ಮ ಫರ್ಗಸ್ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಅಜ್ಜಿ ತೀರಿಕೊಂಡಾಗಿನಿಂದ ತಾತನ ಈ ಮನೆ ಚಳಿಯಲ್ಲಿ ಕೊರೆಯುತ್ತಿದೆ. ಕಡಲಗಾಳಿ ಹೊಗೆಕೊಳವೆಯೊಳಗೆ ನುಗ್ಗಿದರೆ ಸಾಕು, ಮನೆ ಬೆಚ್ಚಗಿಡುವ ಬಾಯ್ಲರಿನೊಳಗೆ ಸದಾ ಉರಿಯಬೇಕಾದ ಪುಟ್ಟ ಪೈಲಟ್ ದೀಪ ಆರಿಹೋಗುತ್ತದೆ. ಮತ್ತೆ ಹೊತ್ತಿಸಿದ ಮೇಲೆ ಉರಿ ನೆಲೆನಿಲ್ಲುವವರೆಗೆ ಗುಂಡಿಯನ್ನು ಒತ್ತಿ ಹಿಡಿದಿರಬೇಕು; ತಾತ ಬೇಗ ಬಿಟ್ಟುಬಿಡುತ್ತಾರೆ, ಅದು ಮತ್ತೆ ಆರುತ್ತದೆ. ಹೀಗೇ ಆದರೆ ಅವರನ್ನು ವೃದ್ಧಾಶ್ರಮಕ್ಕೆ ಸೇರಿಸುತ್ತೇನೆಂದು ಅತ್ತೆ ಹೇಳಿದ್ದಾರೆ.

"ಎಷ್ಟೊತ್ತು ಅಂತ ನಂಗೇನ್ ಗೊತ್ತಪ್ಪ? ನಿಮ್ಮಜ್ಜಿ ಬೈಯೋದು ಮುಗಿಯೋವರ್ಗೂ ಒತ್ಕೊಂಡಿರ್ತಿದ್ದೆ" ಅಂದರು ತಾತ.

ತಾತ ದೀಪ ಹೊತ್ತಿಸಿ ಗುಂಡಿ ಒತ್ತಿದರು; ನಾನು ಅಜ್ಜಿಯ ಏಪ್ರನ್ ಕಟ್ಟಿ, ಸೊಂಟದ ಮೇಲೆ ಕೈಯಿಟ್ಟು ನಿಂತೆ. "ಏನ್ರೀ ಮ್ಯಾಗ್ನಸ್, ಮೀನ್ ನಾರೋ ಬೂಟಲ್ಲಿ ನನ್ನ ಅಡುಗೆಮನೆಗೆ ಬರೋದಾ?" ಬೂಟು, ಸೋಫಾ ಮೇಲಿನ ನಾಯಿ, ಚಹಾಕ್ಕೆ ಸುರಿಯುವ ಸಕ್ಕರೆ, ಎಲ್ಲಕ್ಕೂ ಬೈದೆ. ದೀಪ ಆರದೆ ನಿಂತಿತು.

"ತಾತ, ಹತ್ಕೊಂಡಿದೆ, ಕೈ ತೆಗೀರಿ."

ತೆಗೆಯಲಿಲ್ಲ. ಗೋಡೆಯ ಕಡೆಗೇ ಮುಖಮಾಡಿ, "ಕುಡ್ಕೊಂಡ್ ಬಂದಿದ್ದಕ್ಕೆ ಇನ್ನೂ ಬೈದಿಲ್ಲ ನೀನು" ಅಂದರು.

ಕೆಮ್ಮು ಬಿಟ್ಟರೆ ಚೆನ್ನಾಗಿದ್ದೇನೆ. ಉಣ್ಣೆಯ ಕಾಲುಚೀಲ ಕಳಿಸು. ಜೊತೆಗೆ ಅಜ್ಜಿಯ ಬೈಗುಳ ನಿನಗೆ ನೆನಪಿದ್ದಷ್ಟೂ ಬರೆದು ಕಳಿಸು. ನಾಳೆಯೂ ಗಾಳಿಯಂತೆ; ನನ್ನವೆಲ್ಲ ಮುಗಿದವು.

ಫರ್ಗಸ್