ನೀಲಿ ಹೂವಿನ ಹೊದಿಕೆ

ಮಾರ್ಚ್ ೧೪, ಗುರುವಾರ

ಆ ಬಟ್ಟೆ ತಲೆಯಿಂದ ಹೋಗುತ್ತಲೇ ಇಲ್ಲ.

ಹಂದಿಗಳ ರಕ್ತ ನಮ್ಮ ಪ್ರಯೋಗಾಲಯಕ್ಕೆ ಬರೀ ನಂಬರು ಹೊತ್ತು ಬರುತ್ತದೆ, ಯಾರ ಮನೆಯದೆಂದು ತಿಳಿಯುವುದಿಲ್ಲ. ಆದರೆ ಇವತ್ತಿನ ಸೀಸೆಗಳಿಗೆ ಸುತ್ತಿದ್ದು ನಾನೂ ಅಕ್ಕನೂ ಚಿಕ್ಕಂದಿನಲ್ಲಿ ಕಿತ್ತಾಡಿಕೊಂಡು ಹೊದೆಯುತ್ತಿದ್ದ ನೀಲಿ ಹೂವಿನ ಹೊದಿಕೆಯ ತುಂಡು. ಅಂದರೆ ಈ ರಕ್ತ ಹಂದಿ ಸಾಕುವ ಅಕ್ಕನ ಮನೆಯದೇ. ಅದರಲ್ಲಿ ಸಿಕ್ಕ ಹಂದಿಜ್ವರದ ವೈರಸ್ಸು ರೋಗ ತರುವ ತಳಿಯಾದರೆ ಅವಳ ಅರವತ್ತು ಹಂದಿಗಳನ್ನೂ ಕೊಲ್ಲಬೇಕು; ಹಾಕಿಸಿದ ಲಸಿಕೆಯಿಂದಲೇ ಬಂದ, ಅಪಾಯವಿಲ್ಲದ ತಳಿಯಾದರೆ ಬದುಕಿದವು.

ನಾಲ್ಕು ಗಂಟೆಗೆ ಗೊತ್ತಾಯಿತು: ಲಸಿಕೆಯದೇ. ಪ್ರಯೋಗಾಲಯದ ಸಾಹೇಬರು ಅವಳಿಗೆ ತಿಳಿಸಿದ ಮೇಲೆ ನಾನೂ ಫೋನ್ ಮಾಡಿದೆ. ಅಕ್ಕ ಅಳುತ್ತಲೇ ನಕ್ಕಳು.

"ಈಗ್ಲೇ ಹೊರಟು ಬಾರೇ" ಅಂದವಳು, ಕೂಡಲೇ ದನಿ ಇಳಿಸಿ, "ಅಯ್ಯೋ, ನೀನು ಬರೋ ಹಾಗಿಲ್ಲ ಅಲ್ವಾ" ಅಂದಳು.

ವೈರಸ್ಸಿನ ಜೊತೆ ಕೆಲಸ ಮಾಡುವವರು ಹಂದಿ ಸಾಕುವ ಮನೆಗೆ ಕಾಲಿಡುವಂತಿಲ್ಲ. ಅವಳು ಹಂದಿಗಳನ್ನು ಬಿಟ್ಟು ಬರುವಂತಿಲ್ಲ. ಹೀಗೇ ಎರಡು ವರ್ಷವಾಯಿತು.

"ನೀನೇ ಬಿಚ್ತೀಯೇನೋ ಅಂತ ನಮ್ಮ ಹೊದಿಕೇನೇ ಹರಿದು ಸುತ್ತಿದೆ ಕಣೇ. ಇಟ್ಕೋ ಅದನ್ನ."

"ಹೂಂ, ಇಟ್ಕೊಂಡಿದೀನಿ" ಅಂದೆ.

ಸೀಸೆಗಳಿಗೆ ಸುತ್ತಿ ಬಂದದ್ದನ್ನೆಲ್ಲ ಸುಡಬೇಕೆಂಬುದು ನಮ್ಮಲ್ಲಿ ನಿಯಮ. ಬೆಳಿಗ್ಗೆಯೇ ಸುಡಲು ಹಾಕಿದ್ದೆ. ಕೈಗೆ ಗ್ಲೌಸ್ ಇತ್ತು. ಆ ಬಟ್ಟೆ ಇನ್ನೂ ಚಿಕ್ಕಂದಿನಷ್ಟೇ ಮೆತ್ತಗಿತ್ತೋ ಇಲ್ಲವೋ, ಅದೂ ಗೊತ್ತಾಗಲಿಲ್ಲ.